ಪೊಟ್ಟಣದೊಳಗೊಂದು ಗಾಜು

ಕಡಲಾಚೆಯ ದ್ವೀಪದ ನಿವಿತಿಗಲ ಎಂಬ ಊರಿನ ಅಬೇರತ್ನ ಹರಳಿನ ದಲ್ಲಾಳಿ. ರತ್ನಪುರದ ಬೀದಿಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ನಿಂತು, ಯಾರೋ ಬಿಳಿ ಕಾಗದದಲ್ಲಿ ಸುತ್ತಿ ತಂದ ಕಲ್ಲನ್ನು ಬೆಳಕಿಗೆ ಹಿಡಿದು, ಮಾರುವವನಿಗೂ ಕೊಳ್ಳುವವನಿಗೂ ನಡುವೆ ಮಾತು ಕುದುರಿಸುವುದು ಅವನ ಕಸುಬು. ಆ ಬೀದಿಯಲ್ಲಿ ಯಾರನ್ನೂ ಯಾರೂ ನಂಬುವುದಿಲ್ಲ, ಹಾಗೆಂದು ಯಾರಿಗೂ ಬೇಸರವೂ ಇಲ್ಲ. ನೀಲವೆಂದು ಕೊಟ್ಟದ್ದನ್ನು ಬೆಳಕಿಗೆ ಹಿಡಿಯದೆ ಜೇಬಿಗೆ ಹಾಕಿಕೊಂಡವನನ್ನು ಅಲ್ಲಿ ಸಜ್ಜನ ಎನ್ನುವುದಿಲ್ಲ, ಪೆದ್ದ ಎನ್ನುತ್ತಾರೆ. ಇಂಥವನ ಒಬ್ಬಳೇ ಮಗಳು ಉದೇಶಿಕಾ. ನಾಳೆ ರಜೆ ಎಂದು ಮೇಷ್ಟರು ಹೇಳಿದರೆ, ಮರುದಿನ ಶಾಲೆಯ ಗೇಟಿನವರೆಗೂ ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದ ಹುಡುಗಿ ಅವಳು.

ಅಬೇರತ್ನನ ಬಳಿ ಒಂದು ಉಪಾಯವಿತ್ತು. ಹೊಸ ಆಳಿನ ಕೈಗೆ ಪೊಟ್ಟಣ ಕೊಟ್ಟು ಕಳಿಸುವಾಗ ಒಳ್ಳೆಯ ಕಲ್ಲುಗಳ ನಡುವೆ ಒಂದು ಗಾಜಿನ ಚೂರು ಸೇರಿಸುತ್ತಿದ್ದ. ಚೂರು ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಕದಿಯುವವನ ಕಣ್ಣು ಹೋಗುವುದು ಹೊಳೆಯುವುದರ ಮೇಲೇ. ಸಂಜೆ ಪೊಟ್ಟಣ ತಿರುಗಿ ಬಂದಾಗ ಗಾಜು ಮಾಯವಾಗಿದ್ದರೆ ಆಳು ಕಳ್ಳ, ನಷ್ಟ ಮಾತ್ರ ಏನೂ ಇಲ್ಲ. ಇದನ್ನು ಮಗಳಿಗೆ ಹೇಳಿಕೊಡುವಾಗ ಒಂದು ಮಾತು ಸೇರಿಸಿದ್ದ.

"ನೋಡು ದುವೇ, ಗಾಜು ಯಾವುದು ಅಂತ ನಮ್ಮೋರಿಗೆ ಮೊದಲೇ ಹೇಳಿರ್ಬೇಕು. ಇಲ್ಲಾಂದ್ರೆ ನಮ್ಮೋರೇ ಅದನ್ನ ಕಲ್ಲು ಅನ್ಕೊಂಡು ಮಾರೋಕೆ ಹೋಗಿ ಮಾನ ಕಳ್ಕೊಂಡು ಬರ್ತಾರೆ."

ಉದೇಶಿಕಾ ಆ ಪಾಠದ ಮೊದಲರ್ಧವನ್ನು, ಗಾಜಿನ ಉಪಾಯವನ್ನು, ಚೆನ್ನಾಗಿ ನೆನಪಿಟ್ಟುಕೊಂಡಳು.

ಬೆಟ್ಟದ ಮೇಲಿನ ವಿಶ್ವವಿದ್ಯಾಲಯಕ್ಕೆ ಉದೇಶಿಕಾ ವಿಜ್ಞಾನ ಓದಲು ಬಂದ ಮೊದಲ ವಾರವೇ ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು ಕೊಟ್ಟರು. ಆ ಹೆಸರು ಬೆನ್ನಿಗೆ ಬಿದ್ದರೆ ಮತ್ತೆ ಬಿಡುವುದಿಲ್ಲ. "ನಂಗಿ, ಹೆಸರೇನು?" ಎಂದು ಒಬ್ಬ ತಂಗಿಯನ್ನು ಕರೆದಂತೆ ಕೇಳಿದ್ದಕ್ಕೆ "ಯಾಕೆ ಬೇಕು ಅಯ್ಯಾ?" ಎಂದಳು ಉದೇಶಿಕಾ. ಅವತ್ತಿನಿಂದ ಅವಳು ಸಿಐಡಿ. ಅದೇ ಸಾಲಿನಲ್ಲಿ ಹಲಾವತದ ಕಡಲ ಕಡೆಯ ದಿನಿತಿ ಎಂಬ ಹುಡುಗಿಯೂ ನಿಂತಿದ್ದಳು. ಅವಳು ಮಾತ್ರ "ನಂಗೆ ನಮ್ಮಪ್ಪ ಇಟ್ಟ ಹೆಸರೇ ಸಾಕು" ಎಂದು ಹೇಳಿ ಸಾಲು ಬಿಟ್ಟು ನಡೆದಳು. ರ್‍ಯಾಗಿಂಗಿಗೆ ತಲೆಬಾಗದೆ ಹಾಗೆ ಹೊರಟುಹೋದವರನ್ನು ಅಲ್ಲಿ 'ಗೆಡ್ಡೆ' ಎನ್ನುತ್ತಾರೆ. ಗೆಡ್ಡೆಯ ಜೊತೆ ಮಾತಿಲ್ಲ, ಕತೆಯಿಲ್ಲ. ಕ್ಯಾಂಟೀನಿನಲ್ಲಿ ಅವಳು ಬಂದು ಕೂತರೆ ಉಳಿದವರು ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಎಂದರೆ, ಗೆಡ್ಡೆಗೆ ಕುಪ್ಪಿ ಇಲ್ಲ.

ಕುಪ್ಪಿ ಎಂದರೆ ಹಿಂದಿನ ಕಾಲದ ಸೀಮೆಎಣ್ಣೆಯ ಸಣ್ಣ ಬುಡ್ಡಿ ದೀಪ. ಈಗ ದೀಪ ಹೋಗಿದೆ, ಹೆಸರು ಉಳಿದಿದೆ. ಪರೀಕ್ಷೆ ಹತ್ತಿರ ಬಂದಾಗ ಪಾಠ ಅರ್ಥವಾದವರೊಬ್ಬರು ಅರ್ಥವಾಗದವರನ್ನು ಸುತ್ತ ಕೂರಿಸಿಕೊಂಡು ಹೇಳಿಕೊಡುವುದಕ್ಕೆ ಕುಪ್ಪಿ ಹಾಕುವುದು ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ದ್ವೀಪದಲ್ಲಿ ಅರ್ಧಕ್ಕರ್ಧ ಪದವೀಧರರನ್ನು ದಡ ಸೇರಿಸಿದ್ದು ಉಪನ್ಯಾಸಕರಲ್ಲ, ಕುಪ್ಪಿ. ಸಂಖ್ಯಾಶಾಸ್ತ್ರದಲ್ಲಿ ಉದೇಶಿಕಾ ಹಾಕಿದ ಕುಪ್ಪಿ ಎಂದರೆ ಹುಡುಗರು ಮೀನಿನ ಬನ್ನು ಕೊಂಡು ತಂದು ಮುಂದಿನ ಜಾಗ ಹಿಡಿಯುತ್ತಿದ್ದರು. ಅವಳ ಅನುಮಾನದ ಬುದ್ಧಿ ಅಲ್ಲಿ ಉಪಯೋಗಕ್ಕೆ ಬರುತ್ತಿತ್ತು. "ಅರ್ಥ ಆಯ್ತು" ಎಂದವರನ್ನು ಅವಳು ನಂಬುತ್ತಲೇ ಇರಲಿಲ್ಲ. ಮುಖ ನೋಡುತ್ತಿದ್ದಳು. ಅದರಲ್ಲೂ ಒಂದೇ ಕೋಣೆಯ ಗೆಳತಿ ಇಶಾರಾ ಪೆನ್ನಿನ ಮುಚ್ಚಳ ಕಚ್ಚುತ್ತ ತಲೆಯಾಡಿಸಿದಳೆಂದರೆ ಪಾಠವನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಇಶಾರಾ ಮಾರವಿಲದವಳು. ನಗು ಜಾಸ್ತಿ, ಲೆಕ್ಕ ಕಡಿಮೆ. ಲೋಕದಲ್ಲಿ ಉದೇಶಿಕಾ ಬೆಳಕಿಗೆ ಹಿಡಿಯದೆ ಒಪ್ಪಿಕೊಂಡ ಒಂದೇ ಜೀವ ಅವಳು. ಎರಡನೇ ವರ್ಷದ ಕೊನೆಯ ಪರೀಕ್ಷೆಯಲ್ಲಿ ಪ್ರಯೋಗ ವಿನ್ಯಾಸ ಎಂಬ ಪತ್ರಿಕೆಯೊಂದಿತ್ತು. ಅದರಲ್ಲಿ ಒಳ್ಳೆಯ ಅಂಕ ಬಂದರೆ ಇಶಾರಾಗೆ ನಾಲ್ಕು ವರ್ಷದ ವಿಶೇಷ ಪದವಿಗೆ ಜಾಗ. ಬರದಿದ್ದರೆ ಮೂರು ವರ್ಷದ ಸಾಮಾನ್ಯ ಪದವಿ ಹಿಡಿದು ಮನೆಗೆ. ತೆಂಗಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ, ಆ ಕೆಲಸಕ್ಕೆ ವಿಶೇಷ ಪದವಿಯೇ ಬೇಕು. "ನಿನ್ನನ್ನ ಪಾಸ್ ಮಾಡಿಸೋದು ನನ್ನ ಜವಾಬ್ದಾರಿ" ಎಂದು ಉದೇಶಿಕಾ ಅವಳ ತಾಯಿಯ ಎದುರಿಗೇ ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಸೋಂಕು ಬಂತು. ಹಾಸ್ಟೆಲ್ ಖಾಲಿ ಮಾಡಿಸಿದರು. ಊರೂರಿಗೆ ಚದುರಿದ ವಿದ್ಯಾರ್ಥಿಗಳ ಪಾಠವೆಲ್ಲ ಫೋನಿನೊಳಗೆ ಸೇರಿತು.

ಅಬೇರತ್ನ ಮೊದಲ ದಿನವೇ ಮಗಳ ಫೋನಿನ ಕ್ಯಾಮೆರಾಕ್ಕೆ ಹರಳು ಸುತ್ತುವ ಬಿಳಿ ಕಾಗದ ಅಂಟಿಸಿದ. "ನಾವು ಅವರನ್ನ ನೋಡೋ ಕಿಂಡಿ ಅಂದ್ಮೇಲೆ ಅವರೂ ನಮ್ಮನ್ನ ನೋಡ್ತಾರೆ ತಾನೇ?" ಎಂದ. ಮಗಳಿಗೂ ಅದು ಸರಿಯೆನಿಸಿತು. ತರಗತಿಯೆಂದರೆ ಕಪ್ಪು ಚೌಕಗಳ ಸಾಲು. ಯಾರು ಕೇಳುತ್ತಿದ್ದಾರೆ, ಯಾರು ಫೋನನ್ನು ಮಾತಾಡಲು ಬಿಟ್ಟು ಸ್ನಾನಕ್ಕೆ ಹೋಗಿದ್ದಾರೆ, ದೇವರಿಗೇ ಗೊತ್ತು. ಸಂಖ್ಯಾಶಾಸ್ತ್ರದ ಮಿಸ್‌ಗೆ ವಿದ್ಯಾರ್ಥಿಗಳ ಮೇಲೆ ಅನುಮಾನ, ವಿದ್ಯಾರ್ಥಿಗಳಿಗೆ ಮಿಸ್ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆಂಬ ಅನುಮಾನ. ನಡುವೆ ವಿಶ್ವವಿದ್ಯಾಲಯದಿಂದ ಒಂದು ಸಮೀಕ್ಷೆ ಬಂತು. ಒಟ್ಟಾಗಿ ಕಲಿಯುವ ಈ ಹೊಸ ಸಾಧನಗಳನ್ನು ನೀವು ಎಷ್ಟರಮಟ್ಟಿಗೆ ಒಪ್ಪಿಕೊಂಡಿದ್ದೀರಿ? ಹೆಸರು ಬರೆಯಬೇಕಾಗಿಲ್ಲ.

"ಹೆಸರು ಬೇಡವಂತೆ! ಕಳ್ಸಿರೋದು ನಮ್ಮ ನಂಬರ್ ಇರೋ ಮೇಲ್‌ಗೆ" ಎಂದು ಉದೇಶಿಕಾ ಗ್ರೂಪಿನಲ್ಲಿ ಎಚ್ಚರಿಸಿದಳು. "ಎಲ್ಲಾದಕ್ಕೂ 'ಪೂರ್ತಿ ಒಪ್ತೀನಿ' ಅಂತ ಒತ್ತಿ ಸುಮ್ನಿರಿ."

ಎಲ್ಲರೂ ಒತ್ತಿದರು. ಮುಂದಿನ ತರಗತಿಯಲ್ಲಿ ಮಿಸ್ ಬಣ್ಣದ ಚಿತ್ರ ಹಾಕಿ ತೋರಿಸಿ, ನೀವೆಲ್ಲ ಇಷ್ಟು ಬೇಗ ಹೊಂದಿಕೊಂಡಿದ್ದು ನೋಡಿ ತುಂಬ ಸಂತೋಷವಾಯಿತು ಎಂದರು. ಕಪ್ಪು ಚೌಕಗಳ ಹಿಂದೆ ಎಷ್ಟು ಜನ ನಕ್ಕರೋ, ಮೈಕು ಬಂದ್ ಆಗಿತ್ತು.

ಕುಪ್ಪಿಯನ್ನೂ ಫೋನಿಗೆ ತರಬೇಕೆಂದು ಹಟ ಹಿಡಿದವನು ಬುದ್ಧಿಕ, ಅವರ ವರ್ಷದ ವಿದ್ಯಾರ್ಥಿಗಳ ತಂಡದ ಮುಖಂಡ.

"ಒಂದು ಡಾಕ್ಯುಮೆಂಟ್ ಮಾಡೋಣ ಮಚಾಂ. ನೀನು ಬರಿ, ನಾವೂ ಸೇರಿಸ್ತೀವಿ. ಎಲ್ಲಾರೂ ಒಂದೇ ಹೊತ್ತಿಗೆ ನೋಡ್ಬೋದು. ವಾರಕ್ಕೊಂದ್ಸಲ ಕಾಲ್‌ನಲ್ಲಿ ಮಾತಾಡೋಣ."

"ಯಾರು ಓದ್ತಿದಾರೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಉದೇಶಿಕಾ.

"ಮೇಲ್ಗಡೆ ಹೆಸರು ಬರುತ್ತಲ್ಲ."

"ಹೆಸರು ಬರುತ್ತೆ, ಮುಖ ಬರಲ್ಲ."

"ಅಯ್ಯೋ ನಿನ್ನ ಕಟ್ಕೊಳ್ಳೋನ ಕತೆ ಮುಗೀತು ಬಿಡು, ದಿನಾ ವಿಚಾರಣೆ!" ಎಂದು ಅವನು ನಕ್ಕ.

ಉದೇಶಿಕಾ ಒಪ್ಪಿದ್ದು ಇಶಾರಾಳಿಗಾಗಿ. ಅನುಮಾನದಿಂದಲೇ ಶುರುಮಾಡಿದಳು, ಆದರೆ ಕೆಲವೇ ದಿನಗಳಲ್ಲಿ ಅವಳಿಗೇ ಅದರ ರುಚಿ ಹತ್ತಿತು. ತಾನು ಒಂದು ಸಾಲು ಬರೆಯುವಷ್ಟರಲ್ಲಿ ಇಶಾರಾ ಓದುತ್ತಿರುವ ಜಾಗ ತೋರಿಸುವ ಹಸಿರು ಗೆರೆ ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು. ಅರ್ಥವಾಗದ ಕಡೆ ಆ ಗೆರೆ ಕದಲುತ್ತಲೇ ಇರಲಿಲ್ಲ. ಪೆನ್ನಿನ ಮುಚ್ಚಳ ಕಚ್ಚುವುದು ಹೀಗೂ ಕಾಣುತ್ತದಲ್ಲ ಎಂದು ಉದೇಶಿಕಾಗೆ ಖುಷಿಯಾಯಿತು.

ಆ ಖುಷಿ ಬಹಳ ದಿನ ಇರಲಿಲ್ಲ. ಒಂದು ಸಂಜೆ ಪುಟದ ಮೇಲ್ಗಡೆ, ಗೆಳೆಯರ ಹೆಸರುಗಳ ಪಕ್ಕದಲ್ಲಿ, ಒಂದು ಆಮೆಯ ಚಿತ್ರ ಕಂಡಿತು. ಹೆಸರಿಲ್ಲ. ಖಾತೆಯಿಲ್ಲದೆ ಬರಿ ಲಿಂಕ್ ಒತ್ತಿ ಬಂದವರಿಗೆ ಆ ಯಂತ್ರ ತಾನೇ ಒಂದು ಪ್ರಾಣಿಯ ರೂಪ ಕೊಡುತ್ತದೆ. ಮರುದಿನ ಆಮೆ ಇರಲಿಲ್ಲ, ನೀರುನಾಯಿ ಇತ್ತು. ಅದರ ಮರುದಿನ ಕೊಕ್ಕರೆ. ಯಾವ ಪ್ರಾಣಿಯಾದರೂ ಒಂದಕ್ಷರ ಬರೆಯುತ್ತಿರಲಿಲ್ಲ. ಬಂದು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ, ಹೊರಟುಹೋಗುತ್ತಿತ್ತು.

"ನಮ್ಮೋರೇ ಯಾರೋ ಅಮ್ಮನ ಫೋನಿಂದ ಬಂದಿರ್ತಾರೆ" ಎಂದ ಬುದ್ಧಿಕ. ಉದೇಶಿಕಾ ಬಿಡಲಿಲ್ಲ. ಒಂದು ಸಂಜೆ ಎಲ್ಲರನ್ನೂ ಕಾಲ್‌ಗೆ ಕರೆದು, ಒಬ್ಬೊಬ್ಬರಾಗಿ ತಮ್ಮ ಹೆಸರಿನಲ್ಲೇ ಒಳಗೆ ಬರುವಂತೆ ಮಾಡಿದಳು. ಎಲ್ಲರೂ ಬಂದರು. ಎಲ್ಲರ ಪಕ್ಕದಲ್ಲಿ ಒಂದು ಮುಳ್ಳುಹಂದಿಯೂ ಬಂತು.

ಅವತ್ತಿನಿಂದ ತಂಡದ ನೆಮ್ಮದಿ ಕೆಟ್ಟಿತು. ಮಿಸ್ ಕಣ್ಣಿಡುತ್ತಿದ್ದಾರೆ ಎಂದರು ಕೆಲವರು. ಕಿರಿಯ ತಂಡದವರು ಕದ್ದು ಟ್ಯೂಷನ್ನಿನಲ್ಲಿ ಮಾರುತ್ತಿದ್ದಾರೆ ಎಂದರು ಇನ್ನು ಕೆಲವರು. ಬರೆಯುವವರು ಕಡಿಮೆಯಾದರು. ತಪ್ಪು ಬರೆದರೆ ಯಾರು ನೋಡುತ್ತಾರೋ ಎಂಬ ಭಯ. ಲಿಂಕ್ ಮುಚ್ಚಿಬಿಡೋಣವೆಂದರೆ ಅರ್ಧ ತಂಡಕ್ಕೆ ಸ್ವಂತ ಫೋನಿಲ್ಲ, ಅಣ್ಣನದೋ ಪಕ್ಕದ ಮನೆಯವರದೋ ಸಿಕ್ಕಾಗ ಓದುವವರು. ಮುಚ್ಚಿದರೆ ಮೊದಲು ಹೊರಗುಳಿಯುವವರು ಅವರೇ.

ಉದೇಶಿಕಾ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸಿದಳು. ಲಿಂಕ್ ಯಾರಿಗೆ ಕೊಟ್ಟೆ? ಮನೆಯಲ್ಲಿ ಯಾರು ನೋಡುತ್ತಾರೆ? ಕೆಲವರು ನಕ್ಕರು, ಕೆಲವರಿಗೆ ಸಿಟ್ಟು ಬಂತು. ಹೀಗೆ ಕೇಳುತ್ತ ಹೋಗುವಾಗ ಒಬ್ಬ ಹುಡುಗಿ ಹೇಳಿದಳು:

"ಆ ಗೆಡ್ಡೆ ದಿನಿತಿ ಇರ್ಬೋದಲ್ವಾ? ಹಲಾವತದೋಳು. ನಿನ್ನ ಇಶಾರಾ ಊರಿಂದ ಎಷ್ಟು ದೂರ? ಬಸ್ಸಲ್ಲಿ ಹಾಡೊಂದು ಮುಗಿಯೋದ್ರೊಳಗೆ ಬರುತ್ತೆ."

ಉದೇಶಿಕಾ "ಬಾಯ್ಮುಚ್ಚೇ" ಎಂದು ಬೈದು ಫೋನ್ ಇಟ್ಟಳು. ಆದರೆ ಮಾತು ಒಳಗೆ ಉಳಿಯಿತು. ಇಶಾರಾ ಎಷ್ಟೋ ಸಲ ಫೋನ್ ಎತ್ತುತ್ತಿರಲಿಲ್ಲ. ಕೇಳಿದರೆ "ಅಮ್ಮಂಗೆ ಉಸಿರಾಟದ ತೊಂದ್ರೆ ಜಾಸ್ತಿಯಾಗಿದೆ ಕಣೇ" ಎನ್ನುತ್ತಿದ್ದಳು. ಹಿಂದೆಲ್ಲ ನಿಜವಾಗಿ ಕೇಳಿಸಿದ ಮಾತು ಈಗ ನೆಪವಾಗಿ ಕೇಳಿಸಿತು. ಎಲ್ಲರನ್ನೂ ವಿಚಾರಿಸಿದವಳು ಇಶಾರಾಳಿಗೆ ಮಾತ್ರ ಆ ಪ್ರಶ್ನೆ ಹಾಕಲಿಲ್ಲ. ಹಾಕಲು ಭಯವಾಗಿತ್ತು. ಹೌದು ಎಂದುಬಿಟ್ಟರೆ?

ಆಗ ಅಪ್ಪನ ಗಾಜು ನೆನಪಾಯಿತು.

ಪತ್ರಿಕೆಯಲ್ಲಿ ಖಂಡಿತ ಬರುವ ಒಂದು ಲೆಕ್ಕವಿತ್ತು. ಹೊಲವನ್ನು ದೊಡ್ಡ ತಾಕುಗಳಾಗಿ ಮಾಡಿ ಒಂದೊಂದಕ್ಕೆ ಒಂದೊಂದು ರೀತಿ ನೀರು ಹಾಯಿಸುವುದು, ಪ್ರತಿ ದೊಡ್ಡ ತಾಕನ್ನು ಸಣ್ಣ ತಾಕುಗಳಾಗಿ ಒಡೆದು ಬೇರೆ ಬೇರೆ ಗೊಬ್ಬರ ಹಾಕುವುದು. ನೀರಿನಿಂದ ಇಳುವರಿ ಬದಲಾಯಿತೇ ಎಂದು ನೋಡಲು ದೊಡ್ಡ ತಾಕಿನ ದೋಷ ಎಂಬ ಸಂಖ್ಯೆಯಿಂದ ಭಾಗಿಸಬೇಕು. ಉದೇಶಿಕಾ ಆ ಸಾಲಿನಲ್ಲಿ 'ದೊಡ್ಡ' ಎಂಬುದನ್ನು ಅಳಿಸಿ 'ಸಣ್ಣ' ಎಂದು ಬರೆದಳು. ನೋಡುವವರಿಗೆ ಅಚ್ಚುಕಟ್ಟಾಗಿ ಕಾಣಲೆಂದು ಒಂದು ಉದಾಹರಣೆಯನ್ನೂ ಬಿಡಿಸಿಟ್ಟಳು. ಗಾಜು ಚೆನ್ನಾಗಿ ಹೊಳೆಯಿತು. ಆ ಸಂಜೆಯ ಕಾಲ್‌ನಲ್ಲಿ ತಂಡಕ್ಕೆ ಹೇಳಿದಳು: "ಆ ಸಾಲು ತಪ್ಪು, ಬೇಕಂತ್ಲೇ ಹಾಕಿದೀನಿ. ನೀವು 'ದೊಡ್ಡ' ಅಂತಾನೇ ಕಲೀರಿ. ಪರೀಕ್ಷೆ ಮುಗಿಯೋ ತನಕ ಯಾರೂ ಮುಟ್ಬೇಡಿ. 'ಸಣ್ಣ' ಅಂತ ಎಲ್ಲಿ ಕಾಣುತ್ತೋ ಅಲ್ಲಿ ಕಳ್ಳ ಇದಾನೆ."

"ದೇವ್ರೇ, ನಿನ್ನ ತಲೆಯೇ!" ಎಂದ ಬುದ್ಧಿಕ, ಅರ್ಧ ಮೆಚ್ಚುಗೆ, ಅರ್ಧ ಭಯ.

ಇಶಾರಾ ಒಬ್ಬಳು ಕಾಲ್‌ನಲ್ಲಿರಲಿಲ್ಲ. ಪಶ್ಚಿಮದ ಕರಾವಳಿಯಲ್ಲಿ ಗಾಳಿ ಜೋರಾಗಿ ಕರೆಂಟು ಹೋಗಿತ್ತು. ಅವಳಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡಳು ಉದೇಶಿಕಾ. ಫೋನನ್ನು ಕೈಗೂ ತೆಗೆದುಕೊಂಡಳು. ಆಗಲೇ ಆ ಹಾಳು ಯೋಚನೆ ಬಂದದ್ದು. ಲಿಂಕ್ ಕೊಟ್ಟವಳು ಇವಳೇ ಆಗಿದ್ದರೆ, ಇವಳಿಗೆ ಹೇಳುವುದೂ ಒಂದೇ, ಕಳ್ಳನಿಗೆ ಹೇಳುವುದೂ ಒಂದೇ. ತಪ್ಪಿಲ್ಲದಿದ್ದರೆ ಆ ಸಾಲು ನೋಡಿ ತಾನೇ ಫೋನ್ ಮಾಡಿ ಕೇಳುತ್ತಾಳೆ, ಇಲ್ಲವೇ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಫೋನ್ ಕೆಳಗಿಟ್ಟಳು. ಬೇರೆಯವರು 'ಇಶಾರಾ ಸಿಐಡಿಯ ಗೆಳತಿ, ಅವಳಿಗೆ ಸಿಐಡಿಯೇ ಹೇಳಿರುತ್ತಾಳೆ' ಎಂದುಕೊಂಡು ಸುಮ್ಮನಾದರು.

ಎರಡು ದಿನ ಕಳೆದು, ಮಧ್ಯಾಹ್ನ ಊಟ ಮುಗಿಸಿ ಉದೇಶಿಕಾ ಡಾಕ್ಯುಮೆಂಟ್ ತೆರೆದಾಗ ಇಶಾರಾಳ ಹಸಿರು ಗೆರೆ ಒಳಗಿತ್ತು. ಸಾಲು ಸಾಲಾಗಿ ಇಳಿದು ಬಂದು ಗಾಜಿನ ಸಾಲಿನಲ್ಲಿ ನಿಂತಿತು. ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಹೆಸರಿಲ್ಲದ ಇನ್ನೊಂದು ಗೆರೆ ಬಂದು ಅದೇ ಸಾಲಿನಲ್ಲಿ, ಹಸಿರು ಗೆರೆಯ ಪಕ್ಕದಲ್ಲೇ ನಿಂತಿತು. ಮೇಲ್ಗಡೆ ಆಮೆ. ಎರಡು ಗೆರೆಗಳು ಪಿಸುಗುಡುತ್ತಿರುವಂತೆ ಕಂಡವು. ನೋಡುತ್ತಿದ್ದಂತೆ 'ಸಣ್ಣ' ಎಂಬ ಪದ ಅಳಿಸಿಹೋಯಿತು. ಮರುಕ್ಷಣವೇ ಮತ್ತೆ ಬಂತು. ಆಮೆ ಮಾಯವಾಯಿತು. ಹಸಿರು ಗೆರೆ ಮಾತ್ರ ಅಲ್ಲೇ ಉಳಿದು, ಕೆಳಗಿನ ಉದಾಹರಣೆಯನ್ನು ನಿಧಾನವಾಗಿ ಓದತೊಡಗಿತು.

'ಇಶಾರಾ, ಆ ಸಾಲು ನಂಬಬೇಡ.' ಇಷ್ಟು ಬರೆಯಲು ಎಷ್ಟು ಹೊತ್ತು ಬೇಕು? ಉದೇಶಿಕಾ ಬರೆಯಲಿಲ್ಲ. ಸಿಕ್ಕಿಬಿದ್ದರು ಇಬ್ಬರೂ ಎಂದು ಅವಳ ಮನಸ್ಸು ಕುಣಿಯಿತು, ಅದೇ ಹೊತ್ತಿಗೆ ಅಳುವೂ ಬಂತು. ಮೋಸ ಹೋದೆನೆಂಬ ಸಿಟ್ಟಿನಲ್ಲಿ, ತಾನು ಕೊಟ್ಟ ಮಾತು ಯಾವುದೆಂಬುದೇ ಮರೆತುಹೋಯಿತು.

ಪರೀಕ್ಷೆಗೆ ಗುಂಪು ಗುಂಪಾಗಿ ಬೆಟ್ಟಕ್ಕೆ ಕರೆಸಿದರು. ಮುಖಗವಸು, ದೂರ ದೂರದ ಕುರ್ಚಿ. ದಿನಿತಿ ಮೊದಲಿನ ಹಾಗೇ ಒಬ್ಬಳೇ ಬಂದಳು, ಒಬ್ಬಳೇ ಹೋದಳು. ನೀರು, ಗೊಬ್ಬರ, ತಾಕುಗಳ ಲೆಕ್ಕ ಬಂದೇ ಬಂತು, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ. ಹೊರಗೆ ಮಳೆಮರದ ಕೆಳಗೆ ಇಶಾರಾ ಓಡಿಬಂದಳು. ಮುಖಗವಸಿನ ಮೇಲಿನ ಕಣ್ಣೆರಡೂ ನಗುತ್ತಿದ್ದವು.

"ನಿನ್ನ ಉದಾಹರಣೆ ಇತ್ತಲ್ಲ, ಅದೇ ಬಂತು ಕಣೇ! ಕಣ್ಮುಚ್ಚಿ ಬರ್ದೆ. ಸಣ್ಣ ತಾಕಿನ ದೋಷ, ಭಾಗಿಸು, ಮುಗೀತು!"

ಉದೇಶಿಕಾ ಅವಳ ಕಣ್ಣನ್ನೇ ನೋಡಿದಳು. ಮುಖ ಓದುವುದರಲ್ಲಿ ಪಳಗಿದವಳು. ಅಲ್ಲಿ ಕಳ್ಳತನ ಇರಲಿಲ್ಲ, ಬರಿ ಸಂತೋಷವಿತ್ತು. "ಒಳ್ಳೇದಾಯ್ತು" ಎಂದಷ್ಟೇ ಹೇಳಿ, ಬಸ್ಸಿನ ನೆಪ ತೆಗೆದು ಹೊರಟುಬಿಟ್ಟಳು. ಹೇಡಿತನವೇ ಅದು, ಬೇರೆ ಹೆಸರಿಲ್ಲ.

ಫಲಿತಾಂಶ ಬಂದಾಗ ವಿಶೇಷ ಪದವಿಗೆ ಆಯ್ಕೆಯಾದವರಲ್ಲಿ ಉದೇಶಿಕಾ ಇದ್ದಳು, ಬುದ್ಧಿಕ ಇದ್ದ, ದಿನಿತಿಯೂ ಇದ್ದಳು. ಇಶಾರಾ ಇರಲಿಲ್ಲ. ಬಹಳ ಸ್ವಲ್ಪದರಲ್ಲಿ ತಪ್ಪಿತ್ತು.

ಉದೇಶಿಕಾ ಮಾರವಿಲಕ್ಕೆ ಹೋದಳು. ಬಸ್ಸು ಬದಲಿಸಿ ಬದಲಿಸಿ ತಲುಪುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ತೆಂಗಿನ ತೋಟದ ಅಂಚಿನ ಮನೆ, ಕಿಟಕಿಯ ಕಟ್ಟೆಯ ಮೇಲೆ ತಾಯಿಯ ಉಸಿರಿನ ಔಷಧಿಯ ಪಂಪು. ತಾಯಿ "ಬಾಮ್ಮಾ, ಬಾ" ಎಂದು ಕರಿ ಚಹಾಕ್ಕೆ ಬೆಲ್ಲದ ಚೂರು ಇಟ್ಟುಕೊಟ್ಟು ಒಳಗೆ ಹೋದರು. ಇಶಾರಾಳ ಕಣ್ಣು ಊದಿತ್ತು, ಆದರೂ ಗೆಳತಿಯನ್ನು ಕಂಡು ನಕ್ಕಳು.

"ನೀನು ಅಷ್ಟು ಕಷ್ಟಪಟ್ಟು ಹೇಳ್ಕೊಟ್ರೂ ನನ್ನ ತಲೆಗೆ ಹೋಗ್ಲಿಲ್ಲ ನೋಡು."

ಉದೇಶಿಕಾ ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದಳು. ಗಾಜಿನ ಸಾಲು, ಕಾಲ್‌ನಲ್ಲಿ ಎಲ್ಲರಿಗೂ ಹೇಳಿದ್ದು, ಅವಳೊಬ್ಬಳಿಗೆ ಹೇಳದೆ ಉಳಿದದ್ದು. ಇಶಾರಾ ಮೊದಲು ತಮಾಷೆಯೆಂದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ದಿನಿತಿ ಹೇಳಿದ್ಲು ಕಣೇ," ಎಂದಳು. "ಅವತ್ತು ಮಧ್ಯಾಹ್ನ ಫೋನ್ ಮಾಡಿ ಹೇಳಿದ್ಲು, ಆ ಸಾಲು ತಪ್ಪಿದೆ, 'ದೊಡ್ಡ' ಅಂತಿರ್ಬೇಕು ಅಂತ. ಅವಳೇ ಅಳಿಸಿದ್ಲು. ನಾನು ಮತ್ತೆ ಬರೆಸ್ದೆ. ಚೆನ್ನಾಗಿ ಬೈದೆ ಕೂಡ. ನಮ್ಮ ಉದೇಶಿ ಕುಪ್ಪೀಲಿ ಯಾವತ್ತಾದ್ರೂ ತಪ್ಪು ಬರೀತಾಳಾ, ನೀನು ಯಾರೇ ತಿದ್ದೋಕೆ ಅಂತ."

ಒಳಗಿನಿಂದ ತಾಯಿ ಕೆಮ್ಮುವುದು ಕೇಳಿಸಿತು.

"ಲಿಂಕ್ ಕೊಟ್ಟಿದ್ದೂ ನಾನೇ," ಎಂದಳು ಇಶಾರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗದಂತಿತ್ತು. "ಕರ್ಫ್ಯೂನಲ್ಲಿ ಅಮ್ಮನ ಔಷಧಿ ಎಲ್ಲೂ ಸಿಗ್ತಿರ್ಲಿಲ್ಲ. ದಿನಿತಿ ಅಪ್ಪನ ಮೀನಿನ ಲಾರಿಗೆ ಪಾಸ್ ಇತ್ತು. ವಾರವಾರ ಅವರೇ ತಂದ್ಕೊಟ್ರು. ಬದ್ಲಿಗೆ ಏನಾದ್ರೂ ಬೇಕಾ ಅಂತ ನಾನು ಕೇಳಿದ್ರೆ, ಕುಪ್ಪಿ ಓದೋಕೆ ಸಿಗುತ್ತಾ ಅಂತ ಕೇಳಿದ್ಲು, ಅಷ್ಟೇ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಕೇಳಿದ್ರೆ ಹೇಳ್ತಿದ್ನಲ್ಲೇ," ಎಂದಳು ಇಶಾರಾ. "ಎಲ್ರಿಗೂ ಫೋನ್ ಮಾಡಿ ಕೇಳ್ತಿದೀಯ ಅಂತ ಗೊತ್ತಾಯ್ತು. ನಂಗೂ ಮಾಡ್ತೀಯ, ಆಗ ಹೇಳೋಣ ಅಂತ ದಿನಾ ಕಾಯ್ತಿದ್ದೆ."